ಉಸ್ತಿನ್ಯಾ ಮೇಲಿನ ಮೊಕದ್ದಮೆ

ಗಂಡ ತನ್ನನ್ನು ಬಿಟ್ಟಿದ್ದಾನೆ ಎಂಬ ಸುದ್ದಿ ಅಗ್ನಿಯಾಗೆ ಅಂಚೆ ಕಾರ್ಡಿನಲ್ಲಿ ಬಂತು. ಆ ಹೊತ್ತಿಗೆ ಗಂಡ ಎದುರಿಗೇ ಕೂತು ಎಲೆಕೋಸಿನ ಸಾರು ಕುಡಿಯುತ್ತಿದ್ದ.

ನಾಗರಿಕ ದೆಮ್ಯಾನ್ ಶುಬಿನ್ ಅವರ ಅರ್ಜಿಯ ಮೇರೆಗೆ ನಿಮ್ಮಿಬ್ಬರ ವಿವಾಹವನ್ನು ರದ್ದು ಮಾಡಲಾಗಿದೆ. ಅಷ್ಟೇ ಬರೆದಿತ್ತು, ಕೆಳಗೆ ನೇರಳೆ ಬಣ್ಣದ ಮೊಹರು. ಅವಳು ಎರಡು ಸಲ ಓದಿ ಕಾರ್ಡನ್ನು ಬ್ರೆಡ್ಡಿನ ಪಕ್ಕದಲ್ಲಿಟ್ಟಳು.

"ಇದೇನು?"

"ನೀನೇ ಹೇಳಿದ್ಯಲ್ಲ," ಅಂದ ದೆಮ್ಯಾನ್, ತಟ್ಟೆಯಿಂದ ತಲೆ ಎತ್ತದೆ. "ನನ್ನ ಜತೆ ಬಾಳೋಕೆ ನಾಚಿಕೆ ಆದ್ರೆ ಹೋಗಿ ಬರೆಸಿ ಬಾ ಅಂತ. ಊಟದ ಬಿಡುವಲ್ಲಿ ಹೋಗಿ ಬರೆಸಿದೆ. ಕ್ಯೂ ಕೂಡ ಇರಲಿಲ್ಲ."

ಅವಳು ಹಾಗೆ ಹೇಳಿದ್ದು ನಿಜ, ಹೊಸ ಕಾನೂನಿನಲ್ಲಿ ಒಬ್ಬರೇ ಹೋಗಿ ಬರೆಸಿದರೂ ಸಾಕಿತ್ತು. ಆದರೆ ಸಿಟ್ಟಿನಲ್ಲಿ ಆಡಿದ ಮಾತನ್ನು ಒಬ್ಬ ಮನುಷ್ಯ ಊಟದ ಬಿಡುವಿನಲ್ಲಿ ಸರ್ಕಾರಿ ಕಚೇರಿಗೆ ಹೊತ್ತುಕೊಂಡು ಹೋಗುತ್ತಾನೆ ಎಂದು ಎಣಿಸಿರಲಿಲ್ಲ. ಅರ್ಧ ಉಳಿದಿದ್ದ ತಟ್ಟೆಯನ್ನು ಅವನ ಮುಂದಿನಿಂದ ಎಳೆದುಕೊಂಡಳು.

"ಹಾಗಾದ್ರೆ ನಿಮ್ಮ ಊಟ ಇನ್ಮೇಲೆ ನೀವೇ ನೋಡ್ಕೊಳ್ಳಿ, ಶುಬಿನ್ ಅವರೇ."

ಆರು ವರ್ಷದಲ್ಲಿ ಮೊದಲ ಬಾರಿಗೆ ಅವನನ್ನು ನೀವು ಎಂದಿದ್ದಳು. ಅವನ ಕಿವಿ ಕೆಂಪಾಯಿತು. 

ಜಗಳಕ್ಕೆ ಕಾರಣ ಇಡೀ ಮಿಲ್ಲಿಗೆ ಗೊತ್ತಿತ್ತು. ಇವಾನೊವೊದ ಆ ಬಟ್ಟೆ ಮಿಲ್ಲಿನಲ್ಲಿ ಅಗ್ನಿಯಾ ನಾಲ್ಕು ಮಗ್ಗ ನೋಡಿಕೊಳ್ಳುವ ನೇಕಾರಳು, ದೆಮ್ಯಾನ್ ಮಗ್ಗ ರಿಪೇರಿಯ ಮೆಕ್ಯಾನಿಕ್. ಅವಳು ಗೋಡೆ ಪತ್ರಿಕೆಗೂ ಬರೆಯುತ್ತಿದ್ದಳು. ಊಟದ ಕೋಣೆಯ ಗೋಡೆಗೆ ಅಂಟಿಸುವ ಆ ದೊಡ್ಡ ಹಾಳೆಯಲ್ಲಿ ಸೆಪ್ಟೆಂಬರಿನಲ್ಲಿ ಹೀಗೆ ಬರೆದಿದ್ದಳು: ನಲವತ್ಮೂರನೇ ಮಗ್ಗ ಎರಡು ಪಾಳಿ ನಿಂತಿತ್ತು, ಮೆಕ್ಯಾನಿಕ್ ಶುಬಿನ್ ಅವರಿಗೆ ಚಹಾ ಕುಡಿಯಲು ಮಾತ್ರ ಪುರುಸೊತ್ತು ಇತ್ತು. ಜನ ಅದನ್ನು ಓದಿ ನಕ್ಕರು. ಆಮೇಲೆ ದೆಮ್ಯಾನ್ ಎಲ್ಲಿ ಕಂಡರೂ ಚಹಾ ಆಯ್ತಾ ಎಂದು ಕೇಳತೊಡಗಿದರು. ಅವನು ಮನೆಗೆ ಬಂದು ಒಂದೇ ಮಾತು ಕೇಳಿದ, "ಹೆಸರು ಹಾಕ್ಲೇಬೇಕಿತ್ತಾ?" ಅವಳು, "ಬೇರೆಯವರ ಹೆಸರು ಹಾಕಿ ನಿಂದು ಬಿಡಬೇಕಿತ್ತಾ?" ಎಂದಳು. ಅಲ್ಲಿಂದ ಎರಡು ವಾರ ಅವನು ಮಾತಾಡಲಿಲ್ಲ. ಆಮೇಲೆ ಕಾರ್ಡು ಬಂತು.

ಬೇರೆಯಾದರೂ ಬೇರೆ ಹೋಗಲು ಊರಿನಲ್ಲಿ ಜಾಗವಿರಲಿಲ್ಲ. ಇದ್ದ ಒಂದೇ ಕೋಣೆಗೆ ನಡುವೆ ಪರದೆ ಕಟ್ಟಿದರು. ಅಚ್ಚು ತಪ್ಪಿ ಮಿಲ್ಲಿನವರು ಬಿಸಾಡಿದ್ದ ಬಟ್ಟೆ ಅದು. ಅದರ ತುಂಬ ಪುಟ್ಟ ಪುಟ್ಟ ಟ್ರ್ಯಾಕ್ಟರುಗಳು, ಎಲ್ಲವೂ ತಲೆಕೆಳಗು. ಕಿಟಕಿ ಅವಳ ಪಾಲಿಗೆ ಬಂತು, ಒಲೆ ಅವನ ಪಾಲಿಗೆ. ಹಾಗಾಗಿ ಚಳಿಗಾಲವಿಡೀ ಅವಳು ಬೆಳಕಿನಲ್ಲಿ ನಡುಗಿದಳು, ಅವನು ಕತ್ತಲಲ್ಲಿ ಬೆಚ್ಚಗಿದ್ದ. ಚಳಿ ಜಾಸ್ತಿಯಾದ ದಿನ ಪರದೆಯ ಒಲೆ ಕಡೆಯ ತುದಿ ಒಂದು ಗೇಣು ಸರಿದಿರುತ್ತಿತ್ತು. ಅವಳು ಎದ್ದು ಹೋಗಿ ಅದನ್ನು ಎಳೆದು ಮುಚ್ಚಿ ಬರುತ್ತಿದ್ದಳು. 

ಡಿಸೆಂಬರಿನಲ್ಲಿ ಅವಳು ವಸತಿ ಸಮಿತಿಗೆ ಅರ್ಜಿ ಕೊಟ್ಟಳು. ಫೆಬ್ರುವರಿಯಲ್ಲಿ ಉತ್ತರ ಬಂತು. ನಾಗರಿಕ ಶುಬಿನ್‌ಗೆ ಗಂಡಸರ ಹಾಸ್ಟೆಲಿನಲ್ಲಿ ಒಂದು ಮಂಚ, ಇಪ್ಪತ್ತನೇ ತಾರೀಕು ಸೋಮವಾರದಿಂದ.

ಅದೇ ವಾರ ಮಾಸ್ಕೋದಿಂದ 'ಉಸ್ತಿನ್ಯಾ' ಎಂಬ ಮೂಕಿ ಸಿನಿಮಾ ಬಂತು.

*

ಮಿಲ್ಲಿನ ಕ್ಲಬ್ಬಿನಲ್ಲಿ ಸಿನಿಮಾ ನೋಡುವುದೆಂದರೆ ಎಲ್ಲರೂ ಸೇರಿ ಓದುವುದು. ಪರದೆ ಮೇಲೆ ಅಕ್ಷರ ಬಂದ ಕೂಡಲೇ ಹಾಲ್ ಪೂರ್ತಿ ತುಟಿ ಆಡಿಸುತ್ತಿತ್ತು. ಹೊಸದಾಗಿ ಓದು ಕಲಿತವರು ಗಟ್ಟಿಯಾಗಿ, ಮಿಕ್ಕವರು ಗುಣುಗುಣು. ಅಗ್ನಿಯಾ ಪಕ್ಕದ ಕೋಣೆಯ ಲುಕೇರ್ಯಾ ಅಜ್ಜಿಗೆ ಓದಿ ಹೇಳುತ್ತಿದ್ದಳು. ಅಜ್ಜಿಗೆ ಕಣ್ಣು ಮಂಜು, ನಾಲಿಗೆ ಮಾತ್ರ ಚೂಪು.

ಉಸ್ತಿನ್ಯಾ ಹಳ್ಳಿಯಿಂದ ಬಂದವಳು. ಪಟ್ಟಣದಲ್ಲಿ ಕಂಡವರ ಬಟ್ಟೆ ಒಗೆಯುತ್ತಾಳೆ. ಹಬೆಯ ನಡುವೆ ಅವಳ ಮುಖ ಕಾಣುತ್ತದೆ, ಮಾಯವಾಗುತ್ತದೆ. ಕಚೇರಿಯವರು ಅವಳನ್ನು ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಅಟ್ಟುತ್ತಾರೆ. ಕೊನೆಗೆ ಒಬ್ಬ ಒಳ್ಳೆಯ ಗಂಡ ಸಿಗುತ್ತಾನೆ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ದಿನಪತ್ರಿಕೆ ಓದುತ್ತಾನೆ, ಬೂಟು ಒರೆಸುತ್ತಾನೆ. ಅವಳು ಓದು ಕಲಿತು ತಂತಿ ಕಚೇರಿಯಲ್ಲಿ ಕೆಲಸ ಹಿಡಿಯುತ್ತಾಳೆ. ಅವನು ಅದನ್ನು ಗಮನಿಸುವುದೇ ಇಲ್ಲ. ಒಂದು ಬೆಳಗ್ಗೆ ಅವಳು ಸಾರು ಮಾಡಿ, ಮುಚ್ಚಿಟ್ಟು, ಶಾಲು ಹೊದ್ದು, ಹೊರಟು ಹೋಗುತ್ತಾಳೆ. ಕೊನೆಯಲ್ಲಿ ಹಿಮದ ಬೀದಿ, ಬೆನ್ನು ಹಾಕಿ ನಡೆಯುವ ಒಬ್ಬ ಹೆಂಗಸು. ಪಿಯಾನೊ ನಿಂತಿತು.

"ಸಾರು ಮಾಡಿಟ್ಟು ಹೋದಳಾ?" ಅಂದಳು ಅಜ್ಜಿ. "ಎಲೆಕೋಸು ದಂಡ."

ಅಗ್ನಿಯಾ ನಗಲಿಲ್ಲ. ಎರಡು ಸಾಲು ಮುಂದೆ ದೆಮ್ಯಾನನ ಕತ್ತು ಕಾಣುತ್ತಿತ್ತು. ಎಲ್ಲರೂ ಎದ್ದು ಕೋಟು ಹಾಕಿಕೊಳ್ಳುತ್ತಿದ್ದರೂ ಅವನು ಖಾಲಿ ಪರದೆಯನ್ನೇ ನೋಡುತ್ತ ಕೂತಿದ್ದ. ಕ್ಷೌರ ಮಾಡಿಸಿ ತಿಂಗಳಾಗಿತ್ತು, ಕಾಲರಿನ ಮೇಲೆ ಕೂದಲು ಸುರುಳಿ ಸುತ್ತಿತ್ತು. ಬೇಡವೆಂದರೂ ಅವಳ ಕಣ್ಣು ಆ ಸುರುಳಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು.

ಬಾಗಿಲಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಪಿಮೆನ್ ಅವಳನ್ನು ಹಿಡಿದ. ಭಾನುವಾರ ಮಧ್ಯಾಹ್ನ ಉಸ್ತಿನ್ಯಾ ಮೇಲೆ ಕೋರ್ಟಿನ ನಾಟಕದಂತೆ ಸಾರ್ವಜನಿಕ ವಿಚಾರಣೆ ಇಟ್ಟುಕೊಂಡಿದ್ದಾನಂತೆ. ಗಂಡನನ್ನು ಬಿಟ್ಟದ್ದು ತಪ್ಪೋ ಸರಿಯೋ ಜನರೇ ಕೈಯೆತ್ತಿ ತೀರ್ಪು ಕೊಡಬೇಕು.

"ಆರೋಪ ಹೊರಿಸೋ ವಕೀಲೆ ನೀನು. ಬರೆಯೋಳು, ಮಾತಾಡೋಳು, ಮೇಲಾಗಿ..." ಅವನು ತಡೆದ.

"ಮೇಲಾಗಿ ಗಂಡ ಬಿಟ್ಟೋಳು. ಹೇಳಿ, ಪರವಾಗಿಲ್ಲ. ಅವಳ ಪರ ಯಾರು?"

"ಶುಬಿನ್."

"ಯಾವ ಶುಬಿನ್?"

"ಊರಲ್ಲಿ ಎಷ್ಟು ಜನ ಇದಾರಮ್ಮ?" ಪಿಮೆನ್ ಕೈ ಉಜ್ಜಿಕೊಂಡ. "ಹೋದ ತಿಂಗಳು ಕ್ಷಯರೋಗದ ಮೇಲೆ ಭಾಷಣ ಇಟ್ಟೆ. ಹನ್ನೊಂದು ಜನ ಬಂದ್ರು. ನನಗೆ ಹಾಲ್ ತುಂಬಬೇಕು, ಅಗ್ನಿಯಾ."

ತಮ್ಮಿಬ್ಬರ ಮಾನ ತೆಗೆದು ಹಾಲ್ ತುಂಬಿಸುವ ಲೆಕ್ಕಾಚಾರ ಇದು ಎಂದು ಅವಳಿಗೆ ತಿಳಿಯಿತು. ಆಗುವುದಿಲ್ಲ ಎನ್ನಬೇಕೆಂದಿದ್ದಳು. ಅಷ್ಟರಲ್ಲಿ ದೆಮ್ಯಾನ್ ಟೋಪಿ ಹಾಕಿಕೊಳ್ಳುತ್ತ ಪಕ್ಕದಲ್ಲೇ ಹಾದು ಹೋದ.

"ಹೆದರಿಕೆ ಆದ್ರೆ ಬಿಟ್ಟುಬಿಡಿ," ಎಂದ, ಅವಳ ಕಡೆ ನೋಡದೆ.

"ಬರ್ತೀನಿ ಅಂತ ಬರ್ಕೊಳ್ಳಿ, ಪಿಮೆನ್," ಅಂದಳು ಅಗ್ನಿಯಾ.

*

ವಾರವಿಡೀ ಪರದೆಯ ಎರಡೂ ಕಡೆ ಪೆನ್ಸಿಲ್ ಸದ್ದು. ಅವಳದು ಸರಸರ ಓಡುತ್ತಿತ್ತು. ಅವನದು ಒಂದು ಪದ ಬರೆದು ಹತ್ತು ನಿಮಿಷ ನಿಲ್ಲುತ್ತಿತ್ತು. ದೀಪ ಅವನ ಕಡೆ ಇದ್ದಾಗ ತಲೆಕೆಳಗಾದ ಟ್ರ್ಯಾಕ್ಟರುಗಳ ಮೇಲೆ ಅವನ ನೆರಳು ಬೀಳುತ್ತಿತ್ತು. ದೊಡ್ಡ ತಲೆ, ಬಾಗಿದ ಹೆಗಲು, ಪೆನ್ಸಿಲ್ ಕಚ್ಚುವ ಬಾಯಿ. ಅವಳು ಬರೆಯುವುದನ್ನು ನಿಲ್ಲಿಸಿ ಅದನ್ನು ನೋಡುತ್ತಿದ್ದಳು. ನೆರಳನ್ನು ನೋಡಿದರೆ ಮನುಷ್ಯನನ್ನು ನೋಡಿದಂತಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಶುಕ್ರವಾರ ಸಂಜೆ ಆ ಕಡೆಯಿಂದ ದನಿ ಬಂತು.

"ಅಂತಃಕರಣ ಹೇಗೆ ಬರೀತಾರೆ?"

"ಇಲ್ಲದವರು ಬರೆಯೋದೇ ಇಲ್ಲ."

ಆ ಕಡೆ ಏನನ್ನೋ ಅಳಿಸುವ ಸದ್ದಾಯಿತು.

"ಸರಿ. ಮನಸ್ಸು ಅಂತ ಬರೀತೀನಿ. ಅದು ಸಣ್ಣದು, ಬರುತ್ತೆ."

ಅವಳು ಬಾಯಿಗೆ ಶಾಲಿನ ತುದಿ ಅಡ್ಡ ಹಿಡಿದಳು. ನಗು ಬರುತ್ತಿತ್ತು. ಅದಕ್ಕಾಗಿ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು. ಎಲ್ಲ ಕೋಣೆಯವರಿಗೂ ಸೇರಿದ ಅಡುಗೆಮನೆಗೆ ಹೋದಾಗ ಅಜ್ಜಿ ಆಲೂಗಡ್ಡೆ ಸುಲಿಯುತ್ತಿದ್ದಳು.

"ಸೋಮವಾರ ಹೋಗ್ತಾನಂತಲ್ಲ."

"ಹೋಗ್ಲಿ. ಒಲೆ ನನಗೆ ಸಿಗುತ್ತೆ."

"ಸಿಗುತ್ತೆ," ಅಂದಳು ಅಜ್ಜಿ. "ಒಲೆ ಚೆನ್ನಾಗೇ ಮಾತಾಡುತ್ತೆ. ಚಟಪಟ ಅಂತ."

*

ಭಾನುವಾರ ಹಾಲ್ ತುಂಬಿತು. ಕಿಟಕಿ ಕಟ್ಟೆಯ ಮೇಲೂ ಜನ. ಸೂರ್ಯಕಾಂತಿ ಬೀಜದ ಸಿಪ್ಪೆ ಕಾಲ ಕೆಳಗೆ ಚರಚರ ಎನ್ನುತ್ತಿತ್ತು. ವೇದಿಕೆಯಲ್ಲಿ ಆರೋಪಿಯ ಕುರ್ಚಿಗೆ ಸಿನಿಮಾದ ಪೋಸ್ಟರ್ ಅಂಟಿಸಿದ್ದರು. ಆ ಕಡೆ ಈ ಕಡೆ ಎರಡು ಮೇಜು. ನಡುವೆ ಗಂಟೆ ಹಿಡಿದ ಪಿಮೆನ್, ನ್ಯಾಯಾಧೀಶ. ಮೊದಲ ಸಾಲಿನಲ್ಲಿ ಅಗ್ನಿಯಾ ಕೆಲಸ ಮಾಡುವ ವಿಭಾಗದ ಫೋರ್‌ಮನ್ ಜೋಟೊವ್ ಕಾಲು ಚಾಚಿ ಕೂತಿದ್ದ.

ಅಗ್ನಿಯಾ ಬರೆದು ತಂದದ್ದನ್ನು ಚೆನ್ನಾಗಿಯೇ ಓದಿದಳು. ಉಸ್ತಿನ್ಯಾ ಒಂದು ಮಾತೂ ಆಡದೆ ಹೋದಳು, ಬಿಟ್ಟು ಹೋಗುವುದು ಎಲ್ಲಕ್ಕಿಂತ ಸುಲಭದ ಕೆಲಸ, ಅದನ್ನು ಯಾರು ಬೇಕಾದರೂ ಊಟದ ಬಿಡುವಿನಲ್ಲಿ ಮಾಡಿ ಬರಬಹುದು. ಹಾಲ್ ಗೊಳ್ಳೆಂದಿತು. ದೆಮ್ಯಾನ್ ತನ್ನ ಹಾಳೆಯನ್ನು ನೋಡುತ್ತ ಕೂತಿದ್ದ.

ಆಗ ಪಿಮೆನ್ ಗಂಟೆ ಬಾರಿಸಿ, ಗಂಡನ ಪಾತ್ರ ಮಾಡಬೇಕಿದ್ದವನಿಗೆ ಜ್ವರ, ಹಾಗಾಗಿ ಸಾಕ್ಷಿ ಕಟಕಟೆಗೂ ಕಾಮ್ರೇಡ್ ಶುಬಿನ್ ಅವರೇ ಬರುತ್ತಾರೆ ಎಂದ. ನಿಜಕ್ಕೂ ಜ್ವರವೋ, ಪಿಮೆನ್‌ನ ಕರಾಮತ್ತೋ, ಯಾರಿಗೂ ತಿಳಿಯಲಿಲ್ಲ. ದೆಮ್ಯಾನ್ ಎದ್ದು ಬಂದು ಅವಳಿಂದ ಮೂರು ಹೆಜ್ಜೆ ದೂರದಲ್ಲಿ ನಿಂತ. ನಾಲ್ಕು ತಿಂಗಳಲ್ಲಿ ಇಷ್ಟು ಹತ್ತಿರದಿಂದ, ನಡುವೆ ಬಟ್ಟೆಯಿಲ್ಲದೆ, ಅವನ ಮುಖ ನೋಡಿರಲಿಲ್ಲ. ಸೊರಗಿದ್ದ.

"ಸಾಕ್ಷಿ, ಉಸ್ತಿನ್ಯಾ ನಿಮ್ಮ ಹೆಂಡತಿಯೇ?" ಅಗ್ನಿಯಾ ಶುರು ಮಾಡಿದಳು.

"ಆಗಿದ್ದಳು."

"ಅವಳ ಜತೆ ನೀವು ಮಾತಾಡ್ತಿದ್ರಾ?"

"ಕಡಿಮೆ."

"ಯಾಕೆ? ನಾಲಿಗೆ ರಿಪೇರಿಗೆ ಬಂದಿತ್ತಾ?"

ನಗು. ದೆಮ್ಯಾನ್ ಕಾಯ್ದು ಹೇಳಿದ, "ಅವಳು ನನ್ನ ಬಗ್ಗೆ ಬರೆದಳು."

"ಸಿನಿಮಾದಲ್ಲಿ ಉಸ್ತಿನ್ಯಾ ಏನೂ ಬರೆಯಲ್ಲ," ಎಂದು ಹಿಂದಿನಿಂದ ಒಬ್ಬಳು ತಿದ್ದಿದಳು. ಆಮೇಲೆ ಯಾರೂ ನಗಲಿಲ್ಲ. ವಿಷಯ ಎಲ್ಲಿಗೆ ಬಂತೆಂದು ಎಲ್ಲರಿಗೂ ಗೊತ್ತಾಗಿತ್ತು.

"ಬರೆದದ್ದು ಸುಳ್ಳಾ?" ಅಗ್ನಿಯಾ ಕೇಳಿದಳು.

"ನಿಜ. ಎರಡು ಪಾಳಿ ನಿಂತಿತ್ತು."

"ಎರಡು ಪಾಳಿ ಯಾಕೆ ಬೇಕಾಯ್ತು?"

ಅವನ ಕಿವಿಗಳು ತುದಿಯಿಂದ ಕೆಂಪಾಗುತ್ತ ಬಂದವು. ಅವಳಿಗೆ ಆ ಕಿವಿಗಳು ಗೊತ್ತು. ಒಳಗೆ ಏನೋ ಇದೆ, ಅದನ್ನು ನುಂಗುತ್ತಿದ್ದಾನೆ. ಇಲ್ಲಿಗೆ ಬಿಟ್ಟುಬಿಡಬಹುದಿತ್ತು.

"ಕೇಳ್ತಾ ಇದೀನಿ. ಯಾಕೆ ಬೇಕಾಯ್ತು?"

ಮೊದಲ ಸಾಲಿನಲ್ಲಿ ಜೋಟೊವ್ ಎದ್ದು ನಿಂತ. "ಸಾಕು ನಿಲ್ಸಿ. ಇದು ಸಿನಿಮಾ ವಿಚಾರಣೆ, ಮಿಲ್ ವಿಚಾರಣೆ ಅಲ್ಲ. ಹೆಂಗಸರ ಕೈಗೆ ಪೆನ್ಸಿಲ್ ಕೊಟ್ಟು ನೋಡಿ, ಗಂಡನ್ನೂ ಉಳಿಸಲ್ಲ, ಮಗ್ಗಾನೂ ಉಳಿಸಲ್ಲ. ಇವಳನ್ನ ಬಿಟ್ಟು ಶುಬಿನ್ ಒಳ್ಳೇದೇ ಮಾಡ್ದ."

ಕೆಲವು ಗಂಡಸರು ನಕ್ಕರು. ದೆಮ್ಯಾನ್ ತಿರುಗಿದ. ಅವನ ದನಿ ಏರಲಿಲ್ಲ.

"ಜೋಟೊವ್ ಅವರೇ, ಕೂತ್ಕೊಳ್ಳಿ. ಎರಡು ಪಾಳಿ ಯಾಕೆ ಅಂತ ನೀವೇ ಹೇಳ್ತೀರಾ, ನಾನು ಹೇಳ್ಲಾ?" ಜೋಟೊವ್ ಕಾಲು ಒಳಗೆಳೆದುಕೊಂಡು ಕೂತ. "ಸ್ಟೋರಲ್ಲಿ ಹಲ್ಲುಚಕ್ರ ಇರಲಿಲ್ಲ. ಹೋದ ವರ್ಷದಿಂದ ಇಲ್ಲ. ಎಲ್ಲಾ ಇದೆ ಅಂತ ನೀವು ಮೇಲಿನವರಿಗೆ ಬರೆದು ಕಳಿಸಿದೀರಿ. ನಾನು ಹಳೇ ಕಬ್ಬಿಣದ ತುಂಡು ತಗೊಂಡು ಅರದಲ್ಲಿ ಒಂದೊಂದೇ ಹಲ್ಲು ಉಜ್ಜಿ ಮಾಡಿದೆ. ಮೂವತ್ತೆರಡು ಹಲ್ಲು. ಅದಕ್ಕೇ ಎರಡು ಪಾಳಿ. ಚಹಾನೂ ಕುಡಿದೆ, ಅದು ಸುಳ್ಳಲ್ಲ."

ಹಾಲಿನಲ್ಲಿ ಬೀಜ ಸಿಪ್ಪೆ ಬಿಡಿಸುವ ಸದ್ದೂ ನಿಂತಿತ್ತು.  ಅಗ್ನಿಯಾ ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಬರೀತಿದ್ದೆ."

"ಬರೀತಿದ್ದೆ."

"ಇವರು ನಿನ್ನನ್ನ ಮಗ್ಗದಿಂದ ತೆಗೀತಿದ್ರು. ನಿನಗೆ ಆ ನಾಲ್ಕು ಮಗ್ಗ ಅಂದ್ರೆ..." 

ಕೃತಜ್ಞತೆ ಹುಟ್ಟಬೇಕಿತ್ತೇನೋ. ಅವಳಿಗೆ ಮೈಯೆಲ್ಲ ಉರಿಯಿತು.

"ಅದನ್ನ ತೀರ್ಮಾನ ಮಾಡೋಕೆ ನೀನ್ಯಾರು? ಮಗ್ಗ ನಂದು. ಬರೆಯೋ ಕೈ ನಂದು. ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ. ಊರೆಲ್ಲ ನಿನ್ನನ್ನ ನೋಡಿ ನಗೋವಾಗ ನಾನೂ ನಕ್ಕೆನಲ್ಲ, ದೆಮ್ಯಾನ್. ನನ್ನ ಕೈಲಿ ಅದನ್ನ ಮಾಡಿಸ್ದೆಯಲ್ಲ."

ಪಿಮೆನ್ ಗಂಟೆ ಎತ್ತಿದ, ಬಾರಿಸಲು ಮನಸ್ಸಾಗದೆ ಕೆಳಗಿಟ್ಟ.

ಕೊನೆಯ ಮಾತಿಗೆ ಅವಳು ಹಾಳೆ ನೋಡಲಿಲ್ಲ. ಜನರ ಕಡೆ ತಿರುಗಿದಳು. "ಉಸ್ತಿನ್ಯಾ ಹೋಗಿದ್ದು ತಪ್ಪಲ್ಲ. ಸಾರು ಮುಚ್ಚಿಟ್ಟು ಸದ್ದಿಲ್ಲದೆ ಹೋದಳಲ್ಲ, ಅದು ತಪ್ಪು. ತಟ್ಟೆ ಒಡೆದು, ಅವನ ಪೇಪರ್ ಕಿತ್ತು ಬಿಸಾಕಿ, ಜಗಳ ಆಡಬೇಕಿತ್ತು. ಜಗಳಕ್ಕೂ ಲಾಯಕ್ಕಿಲ್ಲ ಅನ್ನೋ ಹಾಗೆ ಬಿಟ್ಟು ಹೋದಳು. ಅದಕ್ಕೆ ಅವಳಿಗೆ ಶಿಕ್ಷೆ ಆಗಬೇಕು. ಅವನಿಗೂ."

ದೆಮ್ಯಾನ್ ಎದ್ದು ತನ್ನ ಪಾಲಿನ ಮಾತು ಹೇಳಿದ. ಬರೆದು ತಂದದ್ದರಲ್ಲಿ ಒಂದೇ ಸಾಲು ಓದಿದ. "ಎದುರಿಗಿದ್ದೋಳನ್ನ ನೋಡದೇ ಇದ್ದೋನು, ಅವಳು ಹೋದಮೇಲೆ ದೂರು ಹೇಳಬಾರದು. ನನಗೆ ದೂರಿಲ್ಲ." ಕೂತ.

ಕೈಯೆತ್ತಿದಾಗ ಉಸ್ತಿನ್ಯಾ ಬಿಡುಗಡೆಯಾದಳು, ಮುನ್ನೂರಕ್ಕೂ ಹೆಚ್ಚು ಕೈ. ಅಗ್ನಿಯಾ ಮೊಕದ್ದಮೆ ಸೋತಳು.

*

ಮನೆಗೆ ನಡೆಯುವಾಗ ಅವಳು ಮುಂದೆ, ಅವನು ಹತ್ತು ಹೆಜ್ಜೆ ಹಿಂದೆ. ಇನ್ನೂ ಬಿಸಿಲಿತ್ತು, ಹಿಮ ಕಣ್ಣಿಗೆ ಚುಚ್ಚುತ್ತಿತ್ತು. ಸೇತುವೆ ಹತ್ತಿರ ಅವಳು ನಿಂತಳು. ಅವನೂ ಹತ್ತು ಹೆಜ್ಜೆ ದೂರದಲ್ಲೇ ನಿಂತ.

"ಗೆದ್ದೆ ಅಂತ ಬೀಗಬೇಡ."

"ಬೀಗ್ತಿಲ್ಲ. ನಿನ್ನ ಹಿಂದೇನೇ ಬರ್ತಿದೀನಲ್ಲ."

ಕೋಣೆಗೆ ಬಂದು ಅವಳು ಪರದೆಯನ್ನು ಒಂದು ಪಕ್ಕಕ್ಕೆ ಸರಿಸಿ, ಮೇಜನ್ನು ಕಿಟಕಿ ಹತ್ತಿರ ಎಳೆದು, ಕಾಗದ ತೆಗೆದಳು. "ಕೂತ್ಕೋ. ಸ್ಟೋರಲ್ಲಿ ಏನೇನಿಲ್ಲ, ಒಂದೊಂದಾಗಿ ಹೇಳು. ಯಾವಾಗಿಂದ ಇಲ್ಲ ಅದೂ."

ಅವನು ಹೇಳಿದ, ಅವಳು ಬರೆದಳು. ಪ್ರತಿ ಸಾಲಿಗೂ ಜಗಳ. ಅವನಿಗೆ 'ಬಹುಶಃ' ಬೇಕು, ಅವಳಿಗೆ ಬೇಡ. ಜೋಟೊವ್ ಹೆಸರು ಬರೆಯುವಾಗ ಅವನು ಅವಳ ಕೈ ಹಿಡಿದ.

"ತೆಗೀತಾನೆ ನಿನ್ನನ್ನ."

"ತೆಗೀಲಿ. ಈ ಸಲ ನನಗೆ ಗೊತ್ತಿದ್ದೇ ಆಗ್ತಿದೆ." ಕೈ ಬಿಡಿಸಿಕೊಳ್ಳಲಿಲ್ಲ. ಅರ ಉಜ್ಜಿ ಉಜ್ಜಿ ಅವನ ಬೆರಳ ತುದಿಗಳು ಕೊರಡಾಗಿದ್ದವು. ಅವಳು ಹೆಬ್ಬೆರಳಿನಿಂದ ಒಂದೊಂದನ್ನೇ ಮುಟ್ಟಿ ನೋಡಿದಳು, ಲೆಕ್ಕ ಒಪ್ಪಿಸಿಕೊಳ್ಳುವವಳಂತೆ ಮುಖ ಗಂಟು ಹಾಕಿಕೊಂಡೇ.

ಹೆಸರು ಹಾಕುವ ಜಾಗದಲ್ಲಿ ಇಬ್ಬರೂ ಸಹಿ ಮಾಡಿದರು.

"ನಾಳೆ ಹಾಸ್ಟೆಲಿಗೆ ಹೋಗಬೇಕು," ಅಂದ ದೆಮ್ಯಾನ್.

"ಹೋಗು."

"ಅರ್ಜಿ ವಾಪಸ್ ತಗೊಳ್ತೀಯೇನೋ ಅಂದ್ಕೊಂಡೆ."

ಅವಳು ಪೆನ್ಸಿಲ್ ಕೆಳಗಿಟ್ಟಳು. "ಆರು ವರ್ಷದ ಹಿಂದೆ ನನ್ನನ್ನ ಹೇಗೆ ಕೇಳ್ದೆ, ನೆನಪಿದ್ಯಾ? ಮದುವೆ ಆದೋರಿಗೆ ಕೋಣೆ ಕೊಡ್ತಾರಂತೆ, ಬರ್ತೀಯಾ ಅಂದೆ. ಅಷ್ಟೇ. ನಾನೂ ಬಂದೆ, ಹದಿನೆಂಟು ಜನರ ಬ್ಯಾರಕ್ಕಿಂದ ತಪ್ಪಿಸ್ಕೊಂಡ್ರೆ ಸಾಕಿತ್ತು. ನನಗಾಗಿ ಒಂದು ದಿನ ಯಾರೂ ಬಾಗಿಲು ಕಾದಿಲ್ಲ, ದೆಮ್ಯಾನ್. ಕೋಣೆ ಇಲ್ಲದೆ ನಾನು ನಿನಗೆ ಬೇಕಾ ಅಂತ ನೋಡಬೇಕು ನಂಗೆ."

ಅವನು ಸಹಿ ಮಾಡಿದ ಕಾಗದವನ್ನು ಮಡಚಿ ಅವಳ ಕಡೆ ಸರಿಸಿದ.

"ಬೇಕು," ಅಂದ. "ಕಾರ್ಡು ಬಂದ ದಿನ ನೀನು ಅದನ್ನ ಹರಿದು ಹಾಕ್ತೀಯ ಅಂತ ಕಾದೆ. ಹರಿದಿದ್ರೆ ಅಲ್ಲೇ ಕಾಲು ಹಿಡೀತಿದ್ದೆ. ನೀನು ಸಾರು ಕಿತ್ಕೊಂಡೆ."

"ಬಾಯಲ್ಲಿ ಹೇಳಬೇಕಿತ್ತು."

"ಈಗ ಹೇಳ್ತಾ ಇದೀನಲ್ಲ."

"ಇನ್ನೂ ಹೇಳು. ಆದ್ರೆ ಇಲ್ಲಿ ಕೂತು ಅಲ್ಲ."

ಸೋಮವಾರ ಅವನ ಪೆಟ್ಟಿಗೆಯ ಒಂದು ಹಿಡಿ ಅವನು, ಇನ್ನೊಂದು ಹಿಡಿ ಅವಳು ಹಿಡಿದು ಹಾಸ್ಟೆಲಿಗೆ ನಡೆದರು. ಬಾಗಿಲಲ್ಲಿ ಕಾವಲಿನವನು ಕನ್ನಡಕದ ಮೇಲಿಂದ ನೋಡಿ, "ಇವರ್ಯಾರು, ಹೆಂಡತಿಯಾ?" ಎಂದ.

"ಅಲ್ಲ," ಅಂದಳು ಅಗ್ನಿಯಾ, ಪೆಟ್ಟಿಗೆ ಕೆಳಗಿಟ್ಟು.

ದೆಮ್ಯಾನ್ ಮೆಟ್ಟಿಲ ಮೇಲೆ ನಿಂತು ಟೋಪಿ ತೆಗೆದ. "ಗುರುವಾರ ಕ್ಲಬ್ಬಲ್ಲಿ ಹೊಸ ಸಿನಿಮಾ ಇದೆ. ಬರ್ತೀಯಾ?"

"ಮನೆಗೆ ಬಂದು ಕೇಳು. ಆಗ ನೋಡೋಣ."

ಬುಧವಾರ ಬರಹ ಗೋಡೆಗೆ ಏರಿತು. ಅದೇ ಮಧ್ಯಾಹ್ನ ಜೋಟೊವ್ ಅವಳನ್ನು ಮಗ್ಗದಿಂದ ತೆಗೆದು ಹತ್ತಿಯ ಕಸ ಆರಿಸುವ ಕೋಣೆಗೆ ಹಾಕಿದ. ಸ್ಟೋರಿನ ತಪಾಸಣೆಗೆ ಜನ ಬರುತ್ತಾರೆಂದು ಸುದ್ದಿಯಿತ್ತು, ಯಾವಾಗ ಎಂದು ಗೊತ್ತಿರಲಿಲ್ಲ. ಪಾಳಿ ಮುಗಿಯುವ ಹೊತ್ತಿಗೆ ಅವಳ ರೆಪ್ಪೆಯ ಮೇಲೂ ಹತ್ತಿಯ ದೂಳು. ದಾರಿಯಲ್ಲಿ ಇಬ್ಬರು ನೇಕಾರ ಹೆಂಗಸರು ಅವಳನ್ನು ಕಂಡು ಮುಖ ತಿರುಗಿಸಿದರು. ಮೂರನೆಯವಳು ಅವಳ ಜೇಬಿಗೆ ಒಂದು ಹಿಡಿ ಸೂರ್ಯಕಾಂತಿ ಬೀಜ ಸುರಿದು ಹೋದಳು.

ಗುರುವಾರ ಸಂಜೆ ಐದಕ್ಕೆ ಕಾರಿಡಾರಿನಲ್ಲಿ ಬೂಟಿನ ಸದ್ದಾಯಿತು. ಅವಳ ಕೋಣೆಯ ಮುಂದೆ ಬಂದು ನಿಂತಿತು. ಯಾರೋ ಗಂಟಲು ಸರಿಮಾಡಿಕೊಂಡರು. ಅಡುಗೆಮನೆಯಿಂದ ಅಜ್ಜಿ, "ನಿನ್ನ ಹತ್ರ ಬೀಗದ ಕೈ ಇದೆಯಲ್ಲೋ," ಎಂದಳು. "ಸುಮ್ನಿರಿ ಅಜ್ಜಿ," ಎಂಬ ಪಿಸುದನಿ ಬಂತು.

ಬಾಗಿಲು ಬಡಿದ ಸದ್ದು.

ಅಗ್ನಿಯಾ ಶಾಲು ಹೊದ್ದು ತಯಾರಾಗಿ ಮಂಚದ ತುದಿಯಲ್ಲಿ ಕೂತಿದ್ದಳು. ಏಳಲಿಲ್ಲ. ಅವನು ಇನ್ನೊಮ್ಮೆ ಬಡಿದ, ಈ ಸಲ ಸ್ವಲ್ಪ ಮೆಲ್ಲಗೆ. ಅವಳು ಕೂತೇ ಕೇಳಿಸಿಕೊಂಡಳು. ಎಂಥ ಚೆಂದದ ಸದ್ದು ಅನ್ನಿಸಿತು. ಮೂರನೇ ಸಲ ಬಡಿದ ಮೇಲೆ ಎದ್ದು ಹೋಗಿ ತೆರೆದಳು.